ನಕ್ಷತ್ರದ ಪಟ್ಟಿಯಲ್ಲಿ ಚಿತ್ರ ಬಿಡಿಸುವ ಸಾಲು ಏಕೆ?

ಗುಂಪು: ಮನೆಮಂದಿ

ಪುಟ್ಟಿಯ ಅಪ್ಪ, ಬೆಳಿಗ್ಗೆ 8.05
[ಚಿತ್ರ: ಗೋಡೆಗೆ ಅಂಟಿಸಿದ ಬಿಳಿ ರಟ್ಟು. ಎಡಕ್ಕೆ ಎಂಟು ಸಾಲು: ಹಲ್ಲುಜ್ಜುವುದು, ಆಟಿಕೆ ಎತ್ತಿಡುವುದು, ತಟ್ಟೆ ಖಾಲಿ ಮಾಡುವುದು, ಪುಸ್ತಕ ನೋಡುವುದು, ಚಿತ್ರ ಬಿಡಿಸುವುದು, ತಮ್ಮನಿಗೆ ಸಹಾಯ ಮಾಡುವುದು, ಥ್ಯಾಂಕ್ಸ್ ಹೇಳುವುದು, ಅಳದೆ ಮಲಗುವುದು. ಬಲಕ್ಕೆ ವಾರದ ಏಳು ಮನೆಗಳು, ಅಲ್ಲಲ್ಲಿ ಬಂಗಾರದ ಬಣ್ಣದ ನಕ್ಷತ್ರಗಳು.]
ಪುಟ್ಟಿಗೆ ಈ ನಕ್ಷತ್ರದ ಪಟ್ಟಿ ಶುರು ಮಾಡಿ ಒಂದು ವಾರವಾಯಿತು. ಒಂದು ಕೆಲಸ ಮಾಡಿದರೆ ಒಂದು ನಕ್ಷತ್ರ. ನಿನ್ನೆ ರಾತ್ರಿಗೆ 31 ನಕ್ಷತ್ರ. 35 ಆದರೆ ಅವಳು ಕೇಳುತ್ತಿರುವ ಕೆಂಪು ಸೈಕಲ್. ಬೆಳಗಿನ ಹಲ್ಲುಜ್ಜುವ ರಂಪ ನಿಂತೇ ಹೋಗಿದೆ. ಚಿಕ್ಕ ಮಕ್ಕಳಿರುವವರು ಮಾಡಿ ನೋಡಿ.

ದೊಡ್ಡಮ್ಮ, 8.11
ಎಷ್ಟು ಚೆಂದ ಗೆರೆ ಎಳೆದಿದ್ದೀಯಪ್ಪ! ಮೊಮ್ಮಗನಿಗೂ ಮಾಡಿಸುತ್ತೇನೆ.

ಅಜ್ಜ, 8.20
ಒಳ್ಳೆಯ ಕೆಲಸ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಅತ್ತೆ (ಪುಟ್ಟಿಯ ಅಪ್ಪನ ಸೋದರಿ), 8.34
ಅವಳಿಗಾಗಿ ಕೂತು ಇಷ್ಟು ಮಾಡಿದ್ದೀಯಲ್ಲ, ಅದು ದೊಡ್ಡದು. ಆದರೆ ಒಂದು ಮಾತು ಹೇಳದೆ ಇರಲಾರೆ. ಪುಸ್ತಕ, ಚಿತ್ರ, ತಮ್ಮನಿಗೆ ಸಹಾಯ, ಈ ಮೂರು ಸಾಲುಗಳನ್ನು ತೆಗೆದುಬಿಡು. ಸಾಧ್ಯವಾದರೆ ಇವತ್ತೇ.

ಪುಟ್ಟಿಯ ಅಪ್ಪ, 8.36
ಇಡೀ ಪಟ್ಟಿಯಲ್ಲಿ ಒಳ್ಳೆಯ ಸಾಲುಗಳೇ ಅವು ಮೂರು!

ಅತ್ತೆ, 8.49
ಅದಕ್ಕೇ ಹೇಳುತ್ತಿರುವುದು. ಹಲ್ಲುಜ್ಜುವುದು ಅವಳಿಗೆ ಬೇಡದ ಕೆಲಸ, ಅದಕ್ಕೆ ಆಸೆ ತೋರಿಸಿದೆ, ಸರಿ. ಚಿತ್ರ ಬಿಡಿಸು ಎಂದು ಅವಳಿಗೆ ಯಾರಾದರೂ ಯಾವಾಗಲಾದರೂ ಹೇಳಿದ್ದು ನೆನಪಿದೆಯೇ? ಹೋದ ತಿಂಗಳು ನಮ್ಮ ಮನೆಯಲ್ಲಿ ಮೋಡ ಬರೆದು ಕೆಳಗೆ ಒಂದೊಂದೇ ಹನಿ ಇಡುತ್ತಾ ಕೂತಿದ್ದಳು. ನಾಲಿಗೆಯ ತುದಿ ಹೊರಗೆ, ಮೂಗು ಹಾಳೆಗೆ ತಾಗುವಷ್ಟು ಹತ್ತಿರ. ಬಲಗಡೆ ಅರ್ಧ ಹಾಳೆ ಖಾಲಿ ಇತ್ತು. ಏಕೆ ಎಂದು ಕೇಳಿದ್ದಕ್ಕೆ, "ಅಲ್ಲಿಗೆ ಮಳೆ ಇನ್ನೂ ಬಂದಿಲ್ಲ" ಎಂದಳು. ಮೊನ್ನೆ ನಿಮ್ಮ ಮನೆಗೆ ಬಂದಾಗ ಏನಾಯಿತು ಗೊತ್ತೇ? ಐದು ನಿಮಿಷದಲ್ಲಿ ನಾಲ್ಕು ಹಾಳೆ. ಒಂದೊಂದರಲ್ಲೂ ಒಂದು ಸುತ್ತು, ಎರಡು ಗೆರೆ. ನನ್ನ ಮುಂದೆ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಎಷ್ಟು ನಕ್ಷತ್ರ?"
ನನಗೆ ಎದೆ ಧಸಕ್ಕೆಂದಿತು. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ.

ಚಿಕ್ಕಪ್ಪ, 9.02
ಅಕ್ಕ, ಒಂದು ದಿನ ನೋಡಿ ತೀರ್ಮಾನ ಮಾಡಬೇಡ. ಮಕ್ಕಳಿಗೆ ಒಂದು ದಿನ ಮನಸ್ಸಿರುತ್ತದೆ, ಒಂದು ದಿನ ಇರುವುದಿಲ್ಲ.

ಅತ್ತೆ, 9.15
ಒಂದು ದಿನದ್ದಲ್ಲ. 19 ವರ್ಷ ಪುಟ್ಟ ಮಕ್ಕಳ ತರಗತಿಯಲ್ಲಿ ಇದನ್ನೇ ನೋಡಿದ್ದೇನೆ, ಮೊದಲ ಕೆಲವು ವರ್ಷ ನಾನೇ ಸ್ಟಿಕ್ಕರ್ ಹಂಚಿದ್ದೇನೆ. ಇದನ್ನು ಪರೀಕ್ಷೆ ಮಾಡಿದವರೂ ಇದ್ದಾರೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮೂರರಿಂದ ಐದು ವರ್ಷದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ಮೊದಲೇ ಹೇಳಿದರು: ಬಿಡಿಸಿದರೆ ಬಂಗಾರದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಸುದ್ದಿಯೇ ಇಲ್ಲದೆ, ಆಟದ ಹೊತ್ತಿನಲ್ಲಿ ಅದೇ ಪೆನ್ನುಗಳನ್ನು ಇಟ್ಟು ದೂರದಿಂದ ನೋಡಿದರು. ಬಹುಮಾನಕ್ಕೆಂದೇ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಅವರು ಬಹುಮಾನಕ್ಕಾಗಿ ಬಿಡಿಸಿದ್ದ ಚಿತ್ರಗಳ ಗುಣವೂ ಕಡಿಮೆ ಇತ್ತು. ಕೇಳದೆ ಬಹುಮಾನ ಸಿಕ್ಕಿದವರಿಗೆ ಏನೂ ಆಗಲಿಲ್ಲ.
ಅಂದರೆ ಕೆಡಿಸಿದ್ದು ಉಡುಗೊರೆಯಲ್ಲ, "ಮಾಡಿದರೆ ಕೊಡುತ್ತೇನೆ" ಎಂಬ ಕರಾರು.

ಚಿಕ್ಕಪ್ಪ, 9.31
ಇದಕ್ಕೆ ಎದುರಾದ ಅಧ್ಯಯನಗಳೂ ಇವೆ. 1994ರಲ್ಲಿ ಕ್ಯಾಮೆರಾನ್ ಮತ್ತು ಪಿಯರ್ಸ್ ಎಂಬುವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಬಹುಮಾನದಿಂದ ಒಟ್ಟಾರೆ ಅಂತಹ ಹಾನಿಯಿಲ್ಲ ಎಂದಿದ್ದಾರೆ. ನಾವೆಲ್ಲ ಸಂಬಳಕ್ಕೇ ಕೆಲಸ ಮಾಡುವವರಲ್ಲವೇ? ದುಡಿದರೆ ಫಲವಿದೆ ಎಂದು ಮಗು ಕಲಿತರೆ ತಪ್ಪೇನು?

ಅತ್ತೆ, 9.52
1999ರಲ್ಲಿ ಡೆಸಿ, ಕೋಸ್ಟ್ನರ್, ರಯಾನ್ 128 ಪ್ರಯೋಗಗಳನ್ನು ಮತ್ತೆ ಲೆಕ್ಕ ಹಾಕಿದರು. ಆಸಕ್ತಿ ಇರುವ ಕೆಲಸಕ್ಕೆ ಮೊದಲೇ ಹೇಳಿ ಕೊಟ್ಟ ವಸ್ತುರೂಪದ ಬಹುಮಾನ ಆ ಆಸಕ್ತಿಯನ್ನೇ ತಗ್ಗಿಸುತ್ತದೆ, ಮಕ್ಕಳಲ್ಲಿ ಇನ್ನೂ ಹೆಚ್ಚು ಎಂದು ಅವರಿಗೆ ಕಂಡಿತು. ಬೇಸರದ ಕೆಲಸಗಳಲ್ಲಿ ಹಾಗೆ ಆಗುವುದಿಲ್ಲ. ಕಳೆದುಕೊಳ್ಳಲು ಅಲ್ಲಿ ಆಸಕ್ತಿಯೇ ಇರುವುದಿಲ್ಲವಲ್ಲ. ಹಲ್ಲುಜ್ಜುವುದಕ್ಕೆ ನಕ್ಷತ್ರ ಇರಲಿ ಎಂದು ನಾನು ಅದಕ್ಕೇ ಹೇಳಿದೆ.
ಸಂಬಳದ ಮಾತು ಸರಿ. ಆದರೆ ನೀನು ಸಂಜೆ ಕೊಳಲು ಹಿಡಿದು ಕೂರುತ್ತೀಯಲ್ಲ, ಅದಕ್ಕೆ ನಾಳೆಯಿಂದ ಗಂಟೆಗೆ ಇಷ್ಟು ಎಂದು ನಾವು ಕೊಟ್ಟು, ಆರು ತಿಂಗಳ ಮೇಲೆ ನಿಲ್ಲಿಸಿದರೆ ಅದೇ ಮನಸ್ಸಿನಿಂದ ಕೂರುತ್ತೀಯಾ?

ಚಿಕ್ಕಪ್ಪ, 9.55
ಅದು ಬೇರೆ.

ಅತ್ತೆ, 9.55
ಪುಟ್ಟಿಗೆ ಚಿತ್ರವೂ ಅದೇ "ಬೇರೆ".

ಪುಟ್ಟಿಯ ಅಮ್ಮ, ಮಧ್ಯಾಹ್ನ 1.20
ಈಗ ತಾನೇ ಎಲ್ಲವನ್ನೂ ಓದಿದೆ. ಅತ್ತಿಗೆ, ಬೇಸರ ಮಾಡಿಕೊಳ್ಳಬೇಡಿ, ನೀವೊಮ್ಮೆ ಬೆಳಿಗ್ಗೆ ಏಳೂವರೆಗೆ ನಮ್ಮ ಮನೆಯಲ್ಲಿ ಇದ್ದು ನೋಡಬೇಕು. ಒಂದು ಕೈಯಲ್ಲಿ ಪಾಪು, ಇನ್ನೊಂದು ಕೈಯಲ್ಲಿ ಬ್ರಷ್. ಅವಳು ಬಾತ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಬಾಯಿ ಬಿಗಿ ಹಿಡಿದಿರುತ್ತಾಳೆ. ನಾನು ಕೂಗಾಡಿ, ಆಮೇಲೆ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡ ದಿನಗಳಿವೆ. ಈ ವಾರ ಒಂದು ದಿನವೂ ಕೂಗಾಡಿಲ್ಲ. ಅಧ್ಯಯನ ಮಾಡಿದವರ ಮನೆಯಲ್ಲಿ ಬೆಳಿಗ್ಗೆ ಹೇಗಿರುತ್ತದೆಯೋ ನನಗೆ ಗೊತ್ತಿಲ್ಲ.

ಅತ್ತೆ, 1.34
ನಿನ್ನ ಬೆಳಗುಗಳ ಬಗ್ಗೆ ಒಂದು ಮಾತನ್ನೂ ಆಡಲಾರೆ. ಹಲ್ಲುಜ್ಜುವ ಸಾಲು, ಆಟಿಕೆ ಎತ್ತಿಡುವ ಸಾಲು ಇರಲಿ. ಅಭ್ಯಾಸ ಕೂತ ಮೇಲೆ ಆ ಪಟ್ಟಿ ತಾನಾಗಿ ಮರೆತುಹೋಗುತ್ತದೆ. ನನ್ನ ತಕರಾರು ಇರುವುದು ಅವಳು ತಾನಾಗಿ ಪ್ರೀತಿಸುವುದಕ್ಕೆಲ್ಲ ಬೆಲೆಯ ಚೀಟಿ ಅಂಟಿಸುವುದರ ಬಗ್ಗೆ ಮಾತ್ರ. ಅಪ್ಪ ಗಿಡ ಬಗ್ಗಿಸುವ ಗಾದೆ ಹೇಳಿದರು. ತಾನಾಗಿ ಬೆಳಕಿನ ಕಡೆ ಬಾಗುತ್ತಿರುವ ಗಿಡಕ್ಕೆ ಕೋಲು ಏಕೆ ಕಟ್ಟಬೇಕು?

ಅಜ್ಜ, 1.50
ಈ ನಕ್ಷತ್ರ, ಪ್ರಯೋಗ ಎಲ್ಲ ನಿಮ್ಮ ಕಾಲದ ಗೊಂದಲ. ಹೊತ್ತಿಗೆ ಸರಿಯಾಗಿ ಎರಡು ಪೆಟ್ಟು ಬಿದ್ದರೆ ಮಕ್ಕಳು ದಾರಿಗೆ ಬರುತ್ತಾರೆ. ನೀವು ಮೂವರೂ ಬರಲಿಲ್ಲವೇ?

ದೊಡ್ಡಮ್ಮ, 1.52
ಮಾವ, ಈಗ ಹೊಡೆಯುವುದನ್ನು ಯಾರೂ ಒಪ್ಪುವುದಿಲ್ಲ. ಮನೆಯೊಳಗೂ ಹೊಡೆಯಬಾರದು ಎಂದು ಸ್ವೀಡನ್ ದೇಶ 1979ರಲ್ಲೇ ಕಾನೂನು ಮಾಡಿದೆಯಂತೆ.

ಅತ್ತೆ, 2.15
ಅಪ್ಪ, ಇದನ್ನು ಗುಂಪಿನಲ್ಲಿ ಬರೆಯಬೇಕೋ ಬೇಡವೋ ಎಂದು ಹತ್ತು ನಿಮಿಷ ಯೋಚಿಸಿದೆ. ನನಗೆ ಏಳು ವರ್ಷವಾಗಿದ್ದಾಗ ಏಳರ ಮಗ್ಗಿ ತಪ್ಪಿದ್ದಕ್ಕೆ ನೀವು ಸ್ಕೇಲಿನಿಂದ ಹೊಡೆದಿರಿ. ಮಗ್ಗಿ ಆ ರಾತ್ರಿಯೂ ಬರಲಿಲ್ಲ. ನಿಮ್ಮ ಚಪ್ಪಲಿಯ ಸದ್ದು ಕೇಳಿದರೆ ಪುಸ್ತಕ ಹಿಡಿಯಬೇಕು ಎಂಬುದನ್ನು ಮಾತ್ರ ಕಲಿತೆ. ನೀವು ಮನೆಯಲ್ಲಿ ಇಲ್ಲದ ದಿನ ಪುಸ್ತಕ ಮುಟ್ಟುತ್ತಿರಲಿಲ್ಲ. ಪೆಟ್ಟು, ನಕ್ಷತ್ರ ಎರಡರಲ್ಲೂ ಮಗುವಿನ ಕಣ್ಣು ನಮ್ಮ ಕೈಯ ಮೇಲಿರುತ್ತದೆಯೇ ಹೊರತು ಕೆಲಸದ ಮೇಲಲ್ಲ. ಎರಡೂ ಸಮ ಎನ್ನುತ್ತಿಲ್ಲ. ಪೆಟ್ಟು ನೋಯಿಸುತ್ತದೆ, ಹೆದರಿಸುತ್ತದೆ. ಅದು ಬೇಡವೇ ಬೇಡ.

ಪುಟ್ಟಿಯ ಅಪ್ಪ, 2.40
ಸರಿ, ಪೆಟ್ಟಿನ ಮಾತು ಬಿಡೋಣ. ನನ್ನ ಪ್ರಶ್ನೆಗೆ ಉತ್ತರ ಕೊಡು. 35ಕ್ಕೆ ಸೈಕಲ್ ಎಂದು ಮಾತು ಕೊಟ್ಟಿದ್ದೇನೆ. ಇನ್ನು ನಾಲ್ಕೇ ಬಾಕಿ. ಈಗ ಸಾಲು ತೆಗೆದರೆ ಅಪ್ಪ ಮೋಸ ಮಾಡಿದ ಎನ್ನುವುದಿಲ್ಲವೇ? ನಿನ್ನೆ ಪಾಪುವಿಗೆ ಹೊಡೆದಳು ಎಂದು ಎರಡು ನಕ್ಷತ್ರ ಕಿತ್ತಿದ್ದಕ್ಕೇ ಅರ್ಧ ಗಂಟೆ ಅತ್ತಳು.

ಅತ್ತೆ, 2.58
ಕಿತ್ತೆಯಾ? ಅದನ್ನು ಮಾತ್ರ ಇನ್ನೊಮ್ಮೆ ಮಾಡಬೇಡ. ದಿನವಿಡೀ ಮಾಡಿ ಗಳಿಸಿದ್ದನ್ನು ಒಂದು ತಪ್ಪಿಗೆ ಕಿತ್ತರೆ ಅವಳಿಗೆ ತಪ್ಪು ನೆನಪಿರುವುದಿಲ್ಲ, ಕಿತ್ತ ಕೈ ನೆನಪಿರುತ್ತದೆ. ಹೊಡೆದಾಗ ಕೈ ಹಿಡಿದುಕೋ, ಪಾಪುವಿಗೆ ನೋವಾಯಿತು ಎಂದು ಹೇಳು, ಜೊತೆಯಲ್ಲೇ ಕೂತು ಪಾಪುವನ್ನು ಸಮಾಧಾನ ಮಾಡಿಸು.
ಸೈಕಲ್ ಕೊಟ್ಟೇ ಬಿಡು. ಆ ಎರಡನ್ನೂ ಮತ್ತೆ ಅಂಟಿಸು, ಉಳಿದ ಎರಡು ಹಲ್ಲುಜ್ಜುವುದರಲ್ಲಿ ಬರುತ್ತವೆ. ಮಾತು ತಪ್ಪಬಾರದು. ಸಾಲು ತೆಗೆಯುವುದು ಆಮೇಲೆ. ಅವಳೆದುರು ಹರಿಯಬೇಡ, ಹೊಸ ವಾರಕ್ಕೆ ಹೊಸ ಹಾಳೆ ಮಾಡು, ಅಷ್ಟೇ.
ತಟ್ಟೆಯ ಸಾಲನ್ನೂ ಬಿಡು. ಹೊಟ್ಟೆ ತುಂಬಿತೋ ಇಲ್ಲವೋ ಅವಳ ಹೊಟ್ಟೆಗೇ ಗೊತ್ತು. ಇನ್ನು "ಅಳದೆ ಮಲಗುವುದು". ನಾಲ್ಕು ವರ್ಷದ ಮಗು ಅಳುವನ್ನು ನುಂಗಿಕೊಂಡು ನಕ್ಷತ್ರ ಗಳಿಸಬೇಕೇ? ಅದನ್ನು ಓದಿದಾಗ ನನ್ನ ಕಣ್ಣೇ ತುಂಬಿತು.

ದೊಡ್ಡಮ್ಮ, 3.10
ಹಾಗಾದರೆ ಭೇಷ್ ಎಂದು ಹೊಗಳುವುದೂ ತಪ್ಪೇ? ಮೊಮ್ಮಗನಿಗೆ ದಿನಕ್ಕೆ ಹತ್ತು ಸಲ ಜಾಣ ಎನ್ನುತ್ತೇನೆ.

ಅತ್ತೆ, 3.22
ಖಂಡಿತ ಹೇಳಿ, ಒಳ್ಳೆಯ ಮಾತು ಮಕ್ಕಳಿಗೆ ಬೇಕೇ ಬೇಕು. "ಜಾಣ" ಎನ್ನುವುದಕ್ಕಿಂತ ಅವನು ಮಾಡಿದ್ದನ್ನು ಹೇಳಿದರೆ ಇನ್ನೂ ಒಳ್ಳೆಯದು. "ಗೋಪುರ ಎರಡು ಸಲ ಬಿತ್ತು, ನೀನು ಕೆಳಗೆ ದೊಡ್ಡ ತುಂಡು ಇಟ್ಟೆ" ಎಂದು ನೋಡಿ. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಹತ್ತು, ಹನ್ನೊಂದರ ವಯಸ್ಸಿನ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಬುದ್ಧಿವಂತ ಎಂದು ಹೊಗಳಿಸಿಕೊಂಡವರು ಕಷ್ಟದ ಒಗಟು ಎದುರಾದಾಗ ಬೇಗ ಸೋತರು, ಶ್ರಮವನ್ನು ಹೊಗಳಿಸಿಕೊಂಡವರು ಅಂಟಿಕೊಂಡು ಕೂತರು. ಜಾಣ ಎನಿಸಿಕೊಂಡವನಿಗೆ ಆ ಹೆಸರು ಕಳೆದುಹೋಗುವ ಭಯ.

ಪುಟ್ಟಿಯ ಅಮ್ಮ, ಸಂಜೆ 6.45
ಮಧ್ಯಾಹ್ನ ಸಿಟ್ಟಿನಲ್ಲಿ ಬರೆದೆ, ಕ್ಷಮಿಸಿ. ಈಗ ಒಂದು ವಿಷಯ ಹೇಳಲೇಬೇಕು. ನಿನ್ನೆ ಪಾಪುವಿನ ಗಿಲಕಿ ಕೆಳಗೆ ಬಿತ್ತು. ಪುಟ್ಟಿ ಓಡಿ ಬಂದು ಎತ್ತಿ ಕೊಟ್ಟಳು. ನಾನು ಒಲೆಯ ಕಡೆ ತಿರುಗಿದ್ದೆ. "ಅಮ್ಮ, ನೋಡಿದೆಯಾ?" ಎಂದಳು. ಇಲ್ಲ ಎಂದೆ. ಪಾಪುವಿನ ಕೈಯಿಂದ ಗಿಲಕಿ ಕಿತ್ತುಕೊಂಡು ಮತ್ತೆ ನೆಲಕ್ಕೆ ಹಾಕಿ, "ಈಗ ನೋಡು" ಎಂದು ಮತ್ತೆ ಎತ್ತಿ ಕೊಟ್ಟಳು. ಪಾಪು ಅಳುತ್ತಿದ್ದ, ಅವಳು ಅವನ ಮುಖವನ್ನು ನೋಡಲೇ ಇಲ್ಲ. ಗೋಡೆಯ ಪಟ್ಟಿ ನೋಡುತ್ತಿದ್ದಳು.
ಆಗ ನಗು ಬಂತು. ಇವತ್ತು ಇಡೀ ದಿನ ಅದೇ ಕಣ್ಣ ಮುಂದೆ ಬರುತ್ತಿದೆ. ಪಟ್ಟಿ ಶುರುವಾಗುವ ಮೊದಲು ಅವನು ಅತ್ತರೆ ತನ್ನ ಹೊದಿಕೆಯನ್ನೇ ತಂದು ಹೊದಿಸುತ್ತಿದ್ದಳು.

ಅತ್ತೆ, 6.58
2008ರಲ್ಲಿ ವಾರ್ನೆಕೆನ್, ಟೊಮಾಸೆಲ್ಲೊ ಇಬ್ಬರೂ 20 ತಿಂಗಳ ಮಕ್ಕಳಲ್ಲಿ ಇದನ್ನೇ ಕಂಡರು. ಕೈಜಾರಿ ಬಿದ್ದ ವಸ್ತುವನ್ನು ಎತ್ತಿಕೊಟ್ಟಾಗ ಆಟಿಕೆಯ ಬಹುಮಾನ ಪಡೆದ ಮಕ್ಕಳು ಆಮೇಲೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದರು. ಬರೀ ಮಾತಿನ ಮೆಚ್ಚುಗೆ ಪಡೆದವರೂ, ಏನೂ ಸಿಗದವರೂ ಮೊದಲಿನಂತೆಯೇ ಎತ್ತಿಕೊಡುತ್ತಿದ್ದರು.
ಆದರೆ ನೀನು ಬರೆದ ಗಿಲಕಿಯ ಮಾತಿನ ಮುಂದೆ ಪ್ರಯೋಗದ ಅಗತ್ಯವೇ ಇಲ್ಲ. ನಿನ್ನದೇನೂ ತಪ್ಪಿಲ್ಲಮ್ಮ. ಒಂದು ವಾರವಷ್ಟೇ ಆಗಿದೆ, ಹೊದಿಕೆ ಮತ್ತೆ ಬರುತ್ತದೆ.

ಅಜ್ಜ, 7.30
ಏಳರ ಮಗ್ಗಿಯ ದಿನ ನನಗೂ ನೆನಪಿದೆ. ಆ ರಾತ್ರಿ ನೀನು ಊಟಕ್ಕೆ ಬರಲಿಲ್ಲ. ನಾನೂ ಸರಿಯಾಗಿ ಊಟ ಮಾಡಲಿಲ್ಲ. ನಿನಗೆ ಹೇಳಿರಲಿಲ್ಲ.

ಅತ್ತೆ, 7.33
ಅಪ್ಪ, ನಾಳೆ ಬೆಳಿಗ್ಗೆ ಮನೆಗೆ ಬರುತ್ತೇನೆ.

ಪುಟ್ಟಿಯ ಅಪ್ಪ, ರಾತ್ರಿ 9.40
[ಚಿತ್ರ: ಹೊಸ ಹಾಳೆ. ಮೂರು ಸಾಲು: ಹಲ್ಲುಜ್ಜುವುದು, ಆಟಿಕೆ ಎತ್ತಿಡುವುದು, ಪುಸ್ತಕ ನೋಡುವುದು.]
ಕಿತ್ತ ಎರಡನ್ನೂ ಹಳೆಯ ಹಾಳೆಗೆ ಮತ್ತೆ ಅಂಟಿಸಿದೆ. ಸೈಕಲ್ ಭಾನುವಾರ ಬರುತ್ತದೆ. ಚಿತ್ರ, ಸಹಾಯ, ತಟ್ಟೆ, ಅಳು, ಥ್ಯಾಂಕ್ಸ್ ತೆಗೆದಿದ್ದೇನೆ. ಪುಸ್ತಕದ ಸಾಲನ್ನು ಮಾತ್ರ ತೆಗೆಯುವುದಿಲ್ಲ. ಚಿತ್ರದಷ್ಟು ಪುಸ್ತಕದ ಹುಚ್ಚು ಅವಳಿಗೆ ಇಲ್ಲ, ಸ್ವಲ್ಪ ಆಸೆ ತೋರಿಸಿದರೆ ಹತ್ತಿರ ಬರುತ್ತಾಳೆ ಎಂದೇ ನನ್ನ ನಂಬಿಕೆ. ಇದರಲ್ಲಿ ನೀನು ಹೇಳಿದ್ದನ್ನು ಒಪ್ಪಲು ಆಗುತ್ತಿಲ್ಲ.

ಅತ್ತೆ, 9.44
ನಾನೂ ಒಪ್ಪುವುದಿಲ್ಲ. ಎರಡು ವಾರ ನೋಡೋಣ. ಇವತ್ತು ಮಲಗುವಾಗ ಪುಸ್ತಕ ಆಯಿತೇ?

ಪುಟ್ಟಿಯ ಅಪ್ಪ, 9.51
ಆಯಿತು. ಆಮೆಯ ಪುಸ್ತಕ, ಮೂರು ಸಲ. ಮೂರನೆಯ ಸಲ ನಾನು ಒಂದು ಪುಟ ಹಾರಿಸಿದೆ, ಹಿಡಿದುಬಿಟ್ಟಳು. ತೊಡೆಯ ಮೇಲೇ ನಿದ್ದೆ ಹೋದಳು.

ಅತ್ತೆ, 9.52
ನಕ್ಷತ್ರ?

ಪುಟ್ಟಿಯ ಅಪ್ಪ, 9.58
ಹಚ್ಚಲು ಮರೆತೆ. ಅವಳೂ ಕೇಳಲಿಲ್ಲ.