ಸಂಜೆ ಹೊತ್ತು ಕಾರ್ ಚಾರ್ಜಿಂಗ್ ಕಟ್ ಆಗ್ತಿದೆ, ಅಂಡರ್ ವೋಲ್ಟೇಜ್ ಅಂತೆ, ಯಾರಾದ್ರೂ ಹೇಳಿ

ಮೈಸೂರ್_ಇವಿ:
ತಲೆ ಕೆಟ್ಟೋಗಿದೆ. 7.2 ಕಿಲೋವ್ಯಾಟ್ ಚಾರ್ಜರ್, ಹಾಕಿಸಿದಾಗ ಚೆನ್ನಾಗೇ ಇತ್ತು, ಈಗ ಸಂಜೆ ಆಫೀಸಿಂದ ಬಂದು ಪ್ಲಗ್ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಕೆಂಪು ಲೈಟ್ ಬಂದು ನಿಂತೋಗುತ್ತೆ. ಚಾರ್ಜರ್ ಚೇಂಜ್ ಮಾಡಿಸಾಯ್ತು, ಅದೇ ಕತೆ. ಬೆಳಿಗ್ಗೆ ನೋಡಿದ್ರೆ ಬ್ಯಾಟರಿ ಅರ್ಧಾನೂ ಇಲ್ಲ.

ಅರ್ಥ್‌ಪಿಟ್:
ಅರ್ಥಿಂಗ್ ಸಾರ್. ನ್ಯೂಟ್ರಲ್‌ಗೂ ಅರ್ಥ್‌ಗೂ ಎಷ್ಟು ವೋಲ್ಟ್ ಇದೆ ನೋಡಿ. ಅರ್ಥ್ ವೈರ್ ಹೂತಿರೋ ಪಿಟ್‌ಗೆ ನೀರು ಹಾಕಿ.

ವೈರ್‌ಮನ್_ತುಮಕೂರು:
ಸಿಂಗಲ್ ಫೇಸಾ ತ್ರೀ ಫೇಸಾ, ಯಾವ ಸೈಜ್ ವೈರು, ಮೀಟರಿಂದ ಎಷ್ಟು ದೂರ, ಇದ್ಯಾವ್ದೂ ಹೇಳ್ದೆ ಹೇಗ್ರೀ ಹೇಳೋದು? ಚಾರ್ಜರ್ ಆಫ್ ಇದ್ದಾಗ, ಆನ್ ಇದ್ದಾಗ, ಎರಡು ಸಲಾನೂ ಮೀಟರ್ ಹತ್ರ ವೋಲ್ಟೇಜ್ ನೋಡಿ ಹಾಕಿ.

ಸೋಲಾರ್_ಹಾಸನ:
ನಾನು ಮೇಲ್ಗಡೆ 5 ಕಿಲೋವ್ಯಾಟ್ ಪ್ಯಾನಲ್ ಹಾಕ್ಸಿದೀನಿ, ಮಧ್ಯಾಹ್ನಾನೇ ಚಾರ್ಜ್ ಮಾಡ್ಕೋತೀನಿ. ಈ ತಾಪತ್ರಯಾನೇ ಇಲ್ಲ.

ಮೈಸೂರ್_ಇವಿ:
ಮಧ್ಯಾಹ್ನ ಕಾರು ಆಫೀಸಲ್ಲಿರುತ್ತೆ ಸಾರ್. ಅರ್ಥಿಂಗ್ ಸರಿ ಇದೆ, 1 ವೋಲ್ಟ್ ಬರುತ್ತೆ. ಸಿಂಗಲ್ ಫೇಸ್, 6 ಎಂಎಂ ಕಾಪರ್, ಮೀಟರಿಂದ 25 ಮೀಟರ್. ರಾತ್ರಿ ಎಂಟೂವರೆಗೆ ಆಫ್ ಇದ್ದಾಗ ಮೀಟರಲ್ಲಿ 204. ಆನ್ ಮಾಡಿದ್ರೆ ಮೀಟರಲ್ಲಿ 192, ಚಾರ್ಜರ್ ಹತ್ರ 187. ರಾತ್ರಿ ಎರಡು ಗಂಟೆಗೆ ಆಫ್ ಇದ್ದಾಗ 229. ಎದುರು ಮನೇಲಿ ಅದೇ ಎಂಟೂವರೆಗೆ 245 ತೋರ್ಸುತ್ತಂತೆ, ಅವ್ರಿಗೆ ಬಲ್ಬ್ ಹೋಗ್ತಾನೇ ಇರುತ್ತೆ.

ಅರ್ಥ್‌ಪಿಟ್:
1 ವೋಲ್ಟ್ ಅಂದ್ರೂ ಒಂದ್ಸಲ ಪಿಟ್ ತೆಗ್ಸಿ ನೋಡಿ ಸಾರ್, ಎಷ್ಟೋ ಕೇಸಲ್ಲಿ ಅದೇ ಆಗಿರುತ್ತೆ.

ವೈರ್‌ಮನ್_ತುಮಕೂರು:
ಪಿಟ್ ಬಿಡಿ ಅಣ್ಣ. ಮೀಟರಿಂದ ಚಾರ್ಜರ್‌ಗೆ ಹೋಗಿರೋದು ಬರೀ 5 ವೋಲ್ಟ್, 6 ಎಂಎಂ ವೈರಲ್ಲಿ 32 ಆಂಪ್ಸ್‌ಗೆ ಅಷ್ಟು ಬರಲೇಬೇಕು. ಇವ್ರು ಪ್ಲಗ್ ಹಾಕೋ ಮುಂಚೇನೇ 230ರಲ್ಲಿ 26 ವೋಲ್ಟ್ ಹೋಗಿದೆ. 230ಕ್ಕೆ ಶೇ 6 ಆಚೆ ಈಚೆ ಅಂದ್ರೆ 216 ಕೆಳಗೆ ಇಳೀಬಾರ್ದು. ಎದುರು ಮನೇಲಿ 245 ಅಂದ್ರೆ ಅವ್ರದ್ದು ಬೇರೆ ಫೇಸು, ನಿಮ್ಮ ಫೇಸ್ ಮೇಲೆ ಲೋಡ್ ಜಾಸ್ತಿ ಆಗಿ ನ್ಯೂಟ್ರಲ್ ಸರಿದಿದೆ (ನಿಮ್ಗೆ ವೋಲ್ಟೇಜ್ ಇಳಿದು ಅವ್ರಿಗೆ ಏರಿದೆ), ಇಲ್ಲಾ ನ್ಯೂಟ್ರಲ್ ಜಾಯಿಂಟ್ ಲೂಸ್ ಆಗಿದೆ. ಅದು ಪೂರ್ತಿ ಬಿಟ್ಟೋದ್ರೆ ಬೀದಿ ಮನೆಗಳ ಟಿವಿ ಫ್ರಿಜ್ ಎಲ್ಲಾ ಸುಡುತ್ತೆ, ತಡ ಮಾಡ್ಬೇಡಿ. ಬೀದೀಲಿ ಬೇರೆ ಯಾರ್ದಾದ್ರೂ ಇವಿ ಇದ್ಯಾ?

ಸೋಲಾರ್_ಹಾಸನ:
ಒಂದು ಸ್ಟೆಬಿಲೈಸರ್ ಹಾಕಿ ಮುಗ್ಸಿ. ಹೇಗಿದ್ರೂ ವೋಲ್ಟೇಜ್ ಇಳಿದ್ರೆ ಕಾರು ಆಂಪ್ಸ್ ಜಾಸ್ತಿ ಎಳೆಯುತ್ತಲ್ಲ.

ವೈರ್‌ಮನ್_ತುಮಕೂರು:
ಎಳೆಯಲ್ಲ. ಚಾರ್ಜರ್ 32 ಅಂತ ಹೇಳಿದ್ರೆ 32ಕ್ಕೇ ನಿಲ್ಲುತ್ತೆ, ಪವರ್ ಕಮ್ಮಿ ಆಗುತ್ತೆ ಅಷ್ಟೆ. ನೀವು ಹೇಳೋ ಸ್ಟೆಬಿಲೈಸರ್ ಹಾಕಿದ್ರೇನೇ 195ನ 230 ಮಾಡೋಕೆ ಲೈನಿಂದ 38 ಆಂಪ್ಸ್ ಎಳೆದು ಪಕ್ಕದ ಮನೆಯವ್ರಿಗೆ ಇನ್ನೂ ಇಳಿಸುತ್ತೆ.

ಸೋಲಾರ್_ಹಾಸನ:
ನಮ್ಮನೇಲಿ ಎಸಿಗೆ ಎಂಟು ವರ್ಷದಿಂದ ಇದೆ, ಒಂದ್ ಕಂಪ್ಲೇಂಟ್ ಬಂದಿಲ್ಲ.

ಮೈಸೂರ್_ಇವಿ:
ಇದೆ, ನನ್ನದೂ ಸೇರಿ ನಾಲ್ಕು ಮನೆ, ಎಲ್ರೂ ಏಳು ಎಂಟಕ್ಕೇ ಹಾಕೋದು. ಲೈನ್‌ಮ್ಯಾನ್ ಕಂಬ ನೋಡಿ ಹೇಳಿದ್ರು, ಆರ್, ವೈ, ಬಿ ಅಂತ ಮೂರು ಫೇಸಿದ್ರೂ ನಾಲ್ಕೂ ಆರ್ ಫೇಸಲ್ಲೇ ಇದೆಯಂತೆ. ಬೀದಿ ಟ್ರಾನ್ಸ್‌ಫಾರ್ಮರ್ (ಟಿಸಿ) 100 ಕೆವಿಎ.

ವೈರ್‌ಮನ್_ತುಮಕೂರು:
ಇದನ್ನ ಮೊದ್ಲೇ ಹೇಳ್ಬೇಕಿತ್ತಲ್ಲ ಸಾರ್! 100 ಕೆವಿಎ ಟಿಸೀಲಿ ಒಂದು ಫೇಸ್‌ಗೆ ಸಿಗೋದು 133 ಆಂಪ್ಸ್. ನಾಲ್ಕು ಕಾರೇ 128 ತಿನ್ನುತ್ತೆ. ಬಾಕಿ ಮನೆಗಳ ಫ್ರಿಜ್ಜು, ಮೋಟ್ರು, ಎಸಿ ಎಲ್ಲಿಗೆ ಹೋಗ್ಬೇಕು? ನಾಲ್ಕು ಮನೆಯವ್ರೂ ಸೇರಿ ಟೈಮ್ ಸಮೇತ ವೋಲ್ಟೇಜ್ ಬರೆದು ಕರೆಂಟ್ ಆಫೀಸಿಗೆ ಅರ್ಜಿ ಕೊಡಿ. ಸಂಜೇನೇ ಬಂದು ಟಿಸಿ ಹತ್ರ ಆಂಪ್ಸ್ ಅಳೆಯೋ ಕ್ಲ್ಯಾಂಪ್ ಮೀಟರ್ ಹಾಕಿ ನೋಡ್ಲಿ, ನ್ಯೂಟ್ರಲ್ ಬಿಗಿ ಮಾಡ್ಲಿ, ಎರಡು ಮೂರು ಮನೇನ ವೈ ಫೇಸ್‌ಗೂ ಬಿ ಫೇಸ್‌ಗೂ ಹಾಕ್ಲಿ. ಕಂಬಕ್ಕೆ ನೀವ್ಯಾರೂ ಕೈ ಹಾಕ್ಬೇಡಿ. ಅಲ್ಲೀವರೆಗೂ ಆ್ಯಪಲ್ಲಿ 16 ಆಂಪ್ಸ್‌ಗೆ ಇಳ್ಸಿ, ಎಂಟು ಗಂಟೇಲಿ 28 ಯೂನಿಟ್ ಹತ್ರ ಬರುತ್ತೆ, ದಿನದ ಓಡಾಟಕ್ಕೆ ಸಾಕು.

ಲೀಡ್ಸ್_ಕನ್ನಡಿಗ:
ಟೈಮರ್ ಇಟ್ಕೊಳ್ಳೋದಾದ್ರೆ ನಾಲ್ಕು ಜನಾನೂ ಒಂದೇ ಟೈಮ್ ಇಡ್ಬೇಡಿ. ಇಲ್ಲಿ ಬ್ರಿಟನ್‌ಲಿ ರಾತ್ರಿ ಕರೆಂಟ್ ಅಗ್ಗ ಅಂತ ಕಾರೆಲ್ಲ ಒಂದೇ ನಿಮಿಷಕ್ಕೆ ಶುರುವಾದ್ರೆ ಗ್ರಿಡ್‌ಗೆ ಏಟು ಬೀಳುತ್ತೆ ಅಂತ 2022 ಜೂನ್ 30ರಿಂದ ರೂಲ್ ಇದೆ, ಮನೆಗೆ ಮಾರೋ ಸ್ಮಾರ್ಟ್ ಚಾರ್ಜರ್ ತಾನಾಗೇ 10 ನಿಮಿಷದವರೆಗೆ ಒಂದೊಂದು ಒಂದೊಂದಷ್ಟು ತಡವಾಗಿ ಶುರುವಾಗ್ಬೇಕು. ನೀವು ಮಾತಾಡ್ಕೊಂಡು ಇಬ್ರು ಹನ್ನೊಂದಕ್ಕೆ, ಇಬ್ರು ಎರಡಕ್ಕೆ ಇಟ್ಕೊಳ್ಳಿ.

ಮೈಸೂರ್_ಇವಿ:
16ಕ್ಕೆ ಇಳಿಸಿ ಹನ್ನೊಂದಕ್ಕೆ ಇಟ್ಟೆ, ಬೆಳಿಗ್ಗೆವರೆಗೂ ಕಟ್ ಆಗಿಲ್ಲ! ಅರ್ಜಿಗೆ ಮೂರು ಮನೆ ಸೈನ್ ಆಯ್ತು. ನಾಲ್ಕನೇಯವ್ರು ಮಾತ್ರ ನಮ್ಗೇನು ತೊಂದ್ರೆ ಇಲ್ಲ, 32ರಲ್ಲೇ ಓಡ್ತಿದೆ ಅಂತಾರೆ. ಅವ್ರ ಮನೆ ಟಿಸಿ ಪಕ್ಕದಲ್ಲೇ ಇರೋದು, ಅದಕ್ಕೇ ಅವ್ರಿಗೆ ವೋಲ್ಟೇಜ್ ಅಷ್ಟು ಇಳಿಯಲ್ಲ ಅನ್ಸುತ್ತೆ.

ಜಯನಗರ_ಫ್ಲಾಟ್:
ಇಲ್ಲೇ ಕೇಳ್ತೀನಿ, ನಮ್ಮ ಅಪಾರ್ಟ್‌ಮೆಂಟ್‌ದು 250 ಕೆವಿಎ, 60 ಫ್ಲಾಟು. ಎಷ್ಟು ಚಾರ್ಜರ್‌ವರೆಗೂ ಹಾಕ್ಬೋದು?

ವೈರ್‌ಮನ್_ತುಮಕೂರು:
ಸಂಜೆ ಪೀಕಲ್ಲಿ ಮೂರು ಫೇಸ್‌ದೂ ಬೇರೆಬೇರೆ ಆಂಪ್ಸ್ ಬರ್ಕೊಂಡು ಹೊಸ ಥ್ರೆಡ್ ಹಾಕಿ, ನೋಡೋಣ.

ಅರ್ಥ್‌ಪಿಟ್:
ಅರ್ಥಿಂಗೂ ಚೆಕ್ ಮಾಡಿಸ್ಕೊಳ್ಳಿ.