ಕೊಳವೆ ಮ್ಯಾಗಝಿನ್ ಇರೋ ಹಳೇ ಲಿವರ್ ಬಂದೂಕಿಗೆ ಚೂಪು ಗುಂಡು ನಡೀತೈತೇನ್ರಿ?

ಮುಧೋಳದವ:
ಹಿರಿಯರಿಂದ ಪರವಾನಗಿ ಸಮೇತ ಬಂದ ವಿಂಚೆಸ್ಟರ್ 94 (ಕೆಳಗಿನ ಲಿವರ್ ಎಳೆದು ಕಾಡತೂಸು ಏರಿಸೋ ಬಂದೂಕು) ಇದ್ದವರ ಸಲುವಾಗಿ ಕೇಳಾಕತ್ತೀನ್ರಿ. ಅದರ .30-30 ಕಾಡತೂಸಿನ ಚಪ್ಪಟೆ ಮೂತಿ ಗುಂಡು 150 ಗಜ ದಾಟಿದ ಮ್ಯಾಲೆ ಜೋರು ಕಳಕೊಂಡು ಕೆಳಗ ಬೀಳ್ತೈತಿ. ಗುಂಡಿನ ದಪ್ಪ .308 ಇಂಚು, .30-06 ಅನ್ನೋ ಇನ್ನೊಂದು ಕಾಡತೂಸಿನದ್ದೂ ಅಷ್ಟ. ಹಂಗಾದ್ರ ಅದರ ಚೂಪು ಗುಂಡು ತಗದು ಇದರ ಕೇಸಿಗೆ (ಮದ್ದಿರೋ ಹಿತ್ತಾಳಿ ಕವಚಕ್ಕ) ಕೂಡ್ಸಿದ್ರ ಆಗಂಗಿಲ್ಲೇನು?

ಬೆಳಗಾವಿ ಕ್ಯಾಂಪ್:
ಬ್ಯಾಡ್ರಿ, ಖಂಡಿತ ಬ್ಯಾಡ. ಆ ಬಂದೂಕಿನ ಕಾಡತೂಸುಗಳು ನಳಿಗೆಯ ಕೆಳಗಿನ ಕೊಳವೆಯೊಳಗ ಒಂದರ ಹಿಂದ ಒಂದು ಮಲಗಿರ್ತಾವ. ಹಿಂದಿನದರ ಮೂತಿ ಮುಂದಿನದರ ಬುಡದಾಗಿನ ಕ್ಯಾಪಿಗೆ (ಏಟು ಬಿದ್ರ ಮದ್ದು ಹತ್ತಿಸೋದು) ತಾಗಿರ್ತೈತಿ. ಗುಂಡು ಹಾರಿದಾಗ ಬಂದೂಕು ಹಿಂದಕ್ಕ ಒದಿತೈತಿ, ಕಾಡತೂಸಿನ ಸಾಲು ಇದ್ದಲ್ಲೇ ನಿಂತು ಸ್ಪ್ರಿಂಗ್ ಒತ್ತಿ ಮತ್ತ ಹಿಂದಕ್ಕ ಬಡೀತೈತಿ. ಆ ಬಡತದಾಗ ಗಟ್ಟಿ ಚೂಪು ಮೂತಿ ಕ್ಯಾಪಿಗೆ ಬಡಿಯೋ ಫೈರಿಂಗ್ ಪಿನ್ನಿನ ಕೆಲಸ ಮಾಡಿಬಿಡ್ತೈತಿ. ಒಂದು ಹತ್ತಿದ್ರ ಅದರ ಮುಂದಿನವೂ ಹತ್ತಬಹುದು, ಮತ್ತ ಆ ಕೊಳವೆ ಇರೋದು ನಿಮ್ಮ ಎಡಗೈ ಹಿಡಿಯೋ ಜಾಗದಾಗ.

ಗುಮ್ಮಟ ನಗರಿ:
ಸ್ವಲ್ಪ ತಡೀರಿ ಸರ್. .30-30ದ ರಿಮ್ (ಬುಡದ ಅಂಚು) ಅಗಲ, ಕೇಸು ಮುಂದಕ್ಕ ಹೋದಂಗ ಸಣ್ಣ. ಅದಕ್ಕ ಕಾಡತೂಸು ಕೊಳವೆಯೊಳಗ ವಾಲಿ ಕೂಡ್ತೈತಿ, ಮೂತಿ ಕ್ಯಾಪಿನ ನಡುವಿಗೆ ಬರೂದು ಕಡಿಮಿ. ಅದೂ ಅಲ್ಲದ ಚೇಂಬರಿನಾಗ (ನಳಿಗೆಯ ಬುಡದಾಗ) ಒಂದು, ಕೊಳವೆಯಾಗ ಒಂದೇ ಒಂದು ಹಾಕಿದ್ರ ಮೂತಿ ತಾಗೂದು ಫಾಲೋವರಿಗೆ (ಸ್ಪ್ರಿಂಗಿನ ತುದಿಯ ಮುಚ್ಚಳಕ್ಕ). ಅಲ್ಲಿ ಹೊಡಸ್ಕೊಳ್ಳಾಕ ಕ್ಯಾಪೇ ಇಲ್ಲಲ್ಲ.

ಬೆಳಗಾವಿ ಕ್ಯಾಂಪ್:
ಎರಡನೇ ಮಾತು ಲೆಕ್ಕಕ್ಕ ಸರಿ ಐತಿ, ಒಪ್ತೀನಿ. ಮೊದಲನೇದ್ದು ಒಪ್ಪಂಗಿಲ್ಲ. ವಾಲಿದ ಕಾಡತೂಸು ಒದೆತಕ್ಕ ಜಾಗ ಬಿಟ್ಟು ಸರೀತೈತಿ. ಇನ್ನ ಎರಡೇ ಹಾಕ್ತೀನಿ ಅನ್ನೋ ನೇಮ ನೆನಪಿನ ಮ್ಯಾಲೆ ನಿಂತೈತಿ. ಅದೇ ಬಂದೂಕು, ಅದೇ ಡಬ್ಬಿ ಇನ್ನೊಬ್ಬರ ಕೈಗೆ ಹೋದಾಗ ಅವರು ಕೊಳವೆ ತುಂಬಾ ತುಂಬ್ತಾರ. ಚೂಪು ಕಾಡತೂಸಿನ ಡಬ್ಬಿ ಆ ಬಂದೂಕಿನ ಕಪಾಟಿನಾಗ ಇರಲೇಬಾರದು.

ಘಟಪ್ರಭಾ ದಂಡಿ:
ಮುಧೋಳದ ಅಣ್ಣಾವ್ರ ಗುಂಡು ಬದಲಿಸೋ ಮಾತಿಗೆ ಬರ್ತೀನಿ. .30-30 ಕಾಡತೂಸಿನ ಒಟ್ಟು ಉದ್ದ 2.550 ಇಂಚು ದಾಟಂಗಿಲ್ಲ, ದಾಟಿದ್ರ ಎತ್ತುವ ಕ್ಯಾರಿಯರಿನಾಗ ಸಿಕ್ಕಿಬೀಳ್ತೈತಿ. ಉದ್ದ ಮೂತಿಯ .30-06 ಗುಂಡನ್ನ ಆ ಅಳತಿಗೆ ಇಳಿಸಬೇಕಂದ್ರ ಅದರ ಸಣ್ಣಾಗೋ ಭಾಗವೇ ಕೇಸಿನ ಬಾಯೊಳಗ ಹೋಗ್ತೈತಿ. ಕೇಸಿನ ಅಂಚು ಮಡಚಿ ಹಿಡಿಯೋ ಗೆರೆಯೂ ಸರಿಯಾದ ಜಾಗಕ್ಕ ಬರಂಗಿಲ್ಲ. ಹಿಡಿತ ಇಲ್ಲದ ಗುಂಡನ್ನ ಸ್ಪ್ರಿಂಗು, ಒದೆತ ಎರಡೂ ಕೂಡಿ ಒಳಕ್ಕ ತಳ್ತಾವ. ಒಳಗ ಜಾಗ ಕಡಿಮಿ ಆತಂದ್ರ ಒತ್ತಡ ಏರ್ತೈತಿ. .30-30ದ ಒತ್ತಡದ ಮಿತಿ 42,000 ಪಿಎಸ್‌ಐ (ಚದರ ಇಂಚಿಗೆ ಪೌಂಡು), .30-06ದ್ದು 60,000. ಎರಡರ ಮದ್ದಿನ ಲೆಕ್ಕ ಒಂದಕ್ಕೊಂದು ಸಂಬಂಧ ಇಲ್ಲ.

ಇನ್ನೊಂದು ಮಾತು. ಪರವಾನಗಿ ಇಲ್ಲದೇ ಕಾಡತೂಸು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿಗೆ ಬರ್ತೈತಿ. ಬಂದೂಕಿನ ಪರವಾನಗಿ ಅದಕ್ಕ ಸಾಕಾಗಂಗಿಲ್ಲ.

ಮುಧೋಳದವ:
ತಿಳೀತ್ರಿ, ಆ ವಿಚಾರ ಬಿಟ್ಟೆ. ಹಂಗಾದ್ರ ಹಾರ್ನಡಿ ಕಂಪನಿಯವರ ಲೆವರೆವೊಲ್ಯೂಶನ್ ಕಾಡತೂಸು? ಅದೂ ಚೂಪೇ ಐತಲ್ಲ.

ಘಟಪ್ರಭಾ ದಂಡಿ:
ಅದರ ತುದಿ ರಬ್ಬರಿನಂಥ ಮೆತ್ತನ್ನ ವಸ್ತು. ಒತ್ತಿದ್ರ ಬಾಗಿ ಮತ್ತ ಮೊದಲಿನಂಗ ಆಗ್ತೈತಿ, ಕ್ಯಾಪಿಗೆ ಏಟು ಬೀಳಂಗಿಲ್ಲ. ಕೊಳವೆ ಮ್ಯಾಗಝಿನ್ ಸಲುವಾಗಿನೇ ಮಾಡಿದ್ದು. ಕಂಪನಿ ಕೊಡೋ ಲೆಕ್ಕದಾಗ 160 ಗ್ರೇನಿನ (ಗ್ರೇನ್ ಅಂದ್ರ ಗುಂಡಿನ ತೂಕದ ಅಳತಿ) ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 2,400 ಅಡಿ, 200 ಗಜಕ್ಕ ಸುಮಾರು 1,900. ಸಾದಾ 150 ಗ್ರೇನಿನ ಗುಂಡು ಹೆಚ್ಚು ಕಡಿಮಿ ಅದೇ ವೇಗದಾಗ ಹೊರಟು 200 ಗಜಕ್ಕ 1,600ರ ಹತ್ರ ಬಂದಿರ್ತೈತಿ. 20 ಇಂಚಿನ ಗಿಡ್ಡ ನಳಿಗೆಯ ಕಾರ್ಬೈನಿನಾಗ ಎರಡರ ವೇಗವೂ ಇನ್ನಷ್ಟು ಕಡಿಮಿ. ಹಾಕಿದ ಮ್ಯಾಲೆ ಬಂದೂಕಿನ ಗುರಿಪಟ್ಟಿ ಹೊಸದಾಗಿ ಹೊಂದಿಸಲೇಬೇಕು.

ಪ್ಲಾಸ್ಟಿಕ್ ತುದಿ ಕಂಡ ಕೂಡಲೇ ಇದೇ ಅಂತ ತಿಳೀಬ್ಯಾಡ್ರಿ. ಬೋಲ್ಟ್ ಬಂದೂಕಿನ ಗುಂಡುಗಳ ತುದಿ ಗಟ್ಟಿ ಪಾಲಿಮರ್, ಉಗುರಿಗೆ ಬಗ್ಗಂಗಿಲ್ಲ. ಡಬ್ಬಿ ಮ್ಯಾಲಿನ ಬರಹ ನೋಡೇ ತಗೋರಿ.

ಗುಮ್ಮಟ ನಗರಿ:
ಎಲ್ಲಾ ಲಿವರ್ ಬಂದೂಕಿಗೂ ಈ ಅಂಜಿಕಿ ಇಲ್ಲ, ಅದನ್ನೂ ಹೇಳ್ಬೇಕು. ವಿಂಚೆಸ್ಟರ್ 1895ಕ್ಕ ಪೆಟ್ಟಿಗೆ ಮ್ಯಾಗಝಿನ್, ಸ್ಯಾವೇಜ್ 99ರ ಹಳೇ ಮಾದರಿಗೆ ತಿರುಗೋ ಮ್ಯಾಗಝಿನ್, ಬ್ರೌನಿಂಗ್ ಬಿಎಲ್‌ಆರ್‌ಗೆ ಬಿಚ್ಚಿ ಹಾಕೋ ಪೆಟ್ಟಿಗೆ. ಅಲ್ಲಿ ಮೂತಿಗೂ ಕ್ಯಾಪಿಗೂ ಭೆಟ್ಟಿನೇ ಇಲ್ಲ, ಚೂಪು ಗುಂಡು ಆರಾಮ ನಡೀತೈತಿ.

ಬೆಳಗಾವಿ ಕ್ಯಾಂಪ್:
ಹೌದು, ಸರಿಯಾದ ಮಾತು. ಆದ್ರ ದೂರದ ಹೊಡೆತ ಯಾರಿಗೆ ಬೇಕಾಗೇತಿ ಅನ್ನೋದನ್ನೂ ವಿಚಾರ ಮಾಡ್ರಿ. ಕಬ್ಬಿನ ಹೊಲದ ಹಂದಿ ಸಲುವಾಗಿ ಅಂದ್ರ, ಬಂದೂಕಿನ ಪರವಾನಗಿ ಬ್ಯಾಟಿ ಪರವಾನಗಿ ಅಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರ್ತೈತಿ. ರೇಂಜಿನಾಗ 100 ಗಜದ ಗುರಿಗೆ 170 ಗ್ರೇನಿನ ಚಪ್ಪಟೆ ಮೂತಿನೇ ಬೇಕಾದಷ್ಟಾತು.

ಘಟಪ್ರಭಾ ದಂಡಿ:
ಯಾವ ಕಾಡತೂಸು ಹಾಕಿದ್ರೂ ಮೊದಲು ಒಂದೊಂದನ್ನೂ ಬುಡ ಮ್ಯಾಲೆ ಮಾಡಿ, ಉಕ್ಕಿನ ಅಳತಿಪಟ್ಟಿಯ ಅಂಚು ಅಡ್ಡ ಇಟ್ಟು ಬೆಳಕಿಗೆ ಹಿಡೀರಿ. ಕ್ಯಾಪು ಹಿತ್ತಾಳಿ ಮಟ್ಟಕ್ಕಿಂತ ಕೂದಲಷ್ಟು ಮ್ಯಾಲೆ ನಿಂತಿದ್ರೂ ಪಟ್ಟಿ ಅಲುಗಾಡ್ತೈತಿ. ಅಂಥಾದ್ದು ಮೆತ್ತನ್ನ ತುದಿಯದೇ ಇರಲಿ, ಚಪ್ಪಟೆಯದೇ ಇರಲಿ, ಕೊಳವೆಗೆ ಹಾಕಬ್ಯಾಡ್ರಿ, ಪರವಾನಗಿ ಇರೋ ಅಂಗಡಿಗೆ ವಾಪಸ್ ಕೊಡ್ರಿ.