ಸಹಾಯ ಬೇಕು: ಚಿಕ್ಲಿಹೊಳೆ ಸುತ್ತ ಚಳಿಗಾಲದ ಹಕ್ಕಿಗಳ ದಾಖಲೆ

ಎಲ್ಲರಿಗೂ ನಮಸ್ಕಾರ. ಮೂರು ಚಳಿಗಾಲದಿಂದ ಕೊಡಗಿನ ಚಿಕ್ಲಿಹೊಳೆ ಜಲಾಶಯದ ಹಿನ್ನೀರು ಮತ್ತು ಪಕ್ಕದ ಕಾಫಿ ತೋಟಗಳಲ್ಲಿ ಕಂಡ ಹಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಈಗ ಎಲ್ಲವನ್ನೂ ಹಕ್ಕಿಗಳ ದಾಖಲೆ ಇಡುವ ಜಾಲತಾಣ ಇ-ಬರ್ಡ್‌ಗೆ ಹಾಕಬೇಕು. ಹಳೆಯ ಕೆಲವು ಪುಟಗಳಲ್ಲಿ ದಿನಾಂಕ ಇದೆ, ಎಷ್ಟು ಹೊತ್ತು ನೋಡಿದೆ ಅಂತ ಇಲ್ಲ, ಎಣಿಕೆಯೂ ಇಲ್ಲ. ಅವನ್ನು 'ಹಿಸ್ಟಾರಿಕಲ್' ಅಂತ ಹಾಕಿ, ಎಣಿಕೆಯ ಜಾಗದಲ್ಲಿ 'ಎಕ್ಸ್' ಬರೆದರೆ ಸಾಕು ಅಲ್ವಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಇನ್ನೊಂದು ದೊಡ್ಡ ತೊಂದರೆ ಎಲೆ ಉಲಿಯಕ್ಕಿಗಳದ್ದು (ಲೀಫ್ ವಾರ್ಬ್ಲರ್). ಎಲ್ಲವೂ ಪುಟ್ಟವು, ಹಸಿರು, ಒಂದು ಕಡೆ ನಿಲ್ಲುವುದಿಲ್ಲ, ಕೂಗು ಕೇಳಿಯೇ ಗುರುತಿಸಬೇಕು. ಮೊಬೈಲಿನಲ್ಲಿ ಹಿಡಿದ ಕೂಗುಗಳು ನನ್ನ ಹತ್ತಿರ ಇವೆ, ಕೇಳಿ ಹೇಳುವವರು ಬೇಕು. ಕಾಡು ಸಿಪಿಲೆ (ಫಾರೆಸ್ಟ್ ವ್ಯಾಗ್ಟೇಲ್) ಆದರೆ ಸುಲಭ, ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಅಕ್ಕಪಕ್ಕ ಆಡಿಸುತ್ತದೆ. ತೋಟದ ನೆರಳಿನಲ್ಲಿ ಅದನ್ನು ನೋಡಿದ ದಿನ ನನಗೆ ಬೇರೇನೂ ಬೇಡ!

ನವರಂಗ ಹಕ್ಕಿಯ (ಇಂಡಿಯನ್ ಪಿಟ್ಟ) ಮಾಹಿತಿಯೂ ಬೇಕು. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಶಿಳ್ಳೆ ಕೇಳಿದರೆ ಅದೇ ಇರಬಹುದು. ಈಗ ಕಾಫಿ ಕೊಯ್ಲು, ತೋಟದಲ್ಲಿ ಇಡೀ ದಿನ ಇರುವವರಿಗೆ ನನಗಿಂತ ಜಾಸ್ತಿ ಕಾಣುತ್ತದೆ. ದಿನ, ಸಮಯ, ಊರು ಇಷ್ಟು ಬರೆದರೆ ಸಾಕು. ನೀರುನಾಯಿಯ ಬಿಲ ಕಂಡರೆ ಮಾತ್ರ ಜಾಗವನ್ನು ಇಲ್ಲಿ ಹಾಕಬೇಡಿ, ಜನ ಸುಮ್ನೆ ನೋಡಲು ಹೋಗಿ ಅವಕ್ಕೆ ತೊಂದರೆ ಆಗುತ್ತದೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಎಲ್ಲರೂ ತಮ್ಮ ಸುತ್ತಲ ಹಕ್ಕಿಗಳನ್ನು ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರುತ್ತದೆ. ಬೆಳಿಗ್ಗೆ ಜೊತೆಗೆ ಬಂದು ಎಣಿಸಲು ಇಬ್ಬರು ಮೂವರು ಸಿಕ್ಕರೆ ತುಂಬಾ ಉಪಕಾರ. ಬೈನಾಕ್ಯುಲರ್ ಇಲ್ಲದಿದ್ದರೂ ಬನ್ನಿ, ನನ್ನದು ಇದೆ.